ಆ ಹಳೇ ಕನ್ನಡಕ ಎಸೆಯಬೇಡಿ: ಲೇಸರ್ ಮಾಡಿಸಿಕೊಂಡವರಿಗೊಂದು ಬಹಿರಂಗ ಪತ್ರ

ಬಿನ್ನಿಪೇಟೆ, ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆ ವಾಸವಿದ್ದು, ಹಿಂದೊಮ್ಮೆ ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಕನ್ನಡಕ ಬಿಟ್ಟ ಎಲ್ಲರಿಗೂ,

ನಿಮ್ಮಲ್ಲಿ ಕೆಲವರು ಮದುವೆ ಮಾತುಕತೆಗೆ ಮುಂಚೆ ಮಾಡಿಸಿಕೊಂಡವರು. ಕೆಲವರು ಮೊದಲ ಒಳ್ಳೆ ಸಂಬಳ ಕೈಗೆ ಬಂದ ವರ್ಷವೇ ಹೋಗಿ ಮಾಡಿಸಿಕೊಂಡವರು. ಹತ್ತು ನಿಮಿಷದ ಕೆಲಸ, ಮಾರನೇ ದಿನ ಬೆಳಿಗ್ಗೆ ಗೋಡೆ ಗಡಿಯಾರ ಬರಿಗಣ್ಣಿಗೆ ಕಂಡಿತು, ಅಲ್ಲಿಗೆ ಆ ವಿಷಯ ಮುಗಿಯಿತು. ಆಸ್ಪತ್ರೆಯ ಫೈಲು ಎಲ್ಲಿ ಹೋಯಿತೋ ಯಾರೂ ವಿಚಾರಿಸಲಿಲ್ಲ. ಭಾರತದಲ್ಲಿ ಲ್ಯಾಸಿಕ್ ಎಂಬ ಈ ಲೇಸರ್ ಚಿಕಿತ್ಸೆ ಜನಪ್ರಿಯವಾದ ಮೊದಲ ವರ್ಷಗಳಲ್ಲಿ ಹೀಗೆ ಕನ್ನಡಕ ಬಿಟ್ಟ ಪೀಳಿಗೆ ಈಗ ಐವತ್ತರ ಆಸುಪಾಸಿಗೆ ಬಂದಿದೆ. ಪೊರೆ ಶುರುವಾಗುವ ವಯಸ್ಸು ಅದು. ದೊಡ್ಡ ಮೈನಸ್ ನಂಬರ್ ಇದ್ದ ಕಣ್ಣಿಗಂತೂ ಪೊರೆ ಇತರರಿಗಿಂತ ಕೊಂಚ ಬೇಗನೇ ಬರುವುದುಂಟು.

‘ಲೇಸರ್ ಆಗಿತ್ತಲ್ಲ, ಮತ್ತೆ ಪೊರೆ ಹೇಗೆ ಬಂತು?’ ಎಂದು ಕೇಳುವವರು ಬಹಳ. ಲೇಸರ್ ಕೆಲಸ ಮಾಡಿದ್ದು ಕಣ್ಣಿನ ಮುಂಗಾಜಿನಂತಿರುವ ಕಾರ್ನಿಯಾದ ಮೇಲೆ. ಪೊರೆ ಕಟ್ಟುವುದು ಪಾಪೆಯ ಹಿಂದಿರುವ ಮಸೂರದಲ್ಲಿ. ಎರಡಕ್ಕೂ ಸಂಬಂಧವಿಲ್ಲ. ಆದರೆ ಪೊರೆ ತೆಗೆದು ಹೊಸ ಲೆನ್ಸ್ ಕೂರಿಸುವ ದಿನ ಇವೆರಡೂ ಲೆಕ್ಕದ ಹಾಳೆಯ ಮೇಲೆ ಎದುರುಬದುರಾಗುತ್ತವೆ. ಈ ಪತ್ರ ಆ ಲೆಕ್ಕದ ಬಗ್ಗೆ.

ಓದಲು ಪುರಸೊತ್ತಿಲ್ಲದವರಿಗೆ ಮುಖ್ಯ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಪೊರೆ ಆಪರೇಷನ್‌ಗೆ ಹೋದಾಗ, ಲೆನ್ಸ್ ಪವರ್ ಅಳೆಯುವ ಯಂತ್ರದ ಮುಂದೆ ಕೂರುವ ಮೊದಲೇ, ‘ನನಗೆ ಇಂಥ ವರ್ಷ ಲೇಸರ್ ಆಗಿದೆ’ ಎಂದು ಬಾಯಿಬಿಟ್ಟು ಹೇಳಿ. ಲೇಸರ್‌ಗೆ ಮುಂಚಿನ ನಂಬರ್ ಎಷ್ಟಿತ್ತು ಎಂಬುದಕ್ಕೆ ಮನೆಯಲ್ಲಿ ಏನು ಪುರಾವೆ ಸಿಕ್ಕರೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಮುಂದಿನದ್ದೆಲ್ಲ ಇದೇಕೆ ಇಷ್ಟು ಮುಖ್ಯ ಎಂಬುದರ ವಿವರ.

ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಕಣ್ಣಿನ ಆಸ್ಪತ್ರೆ ಹೊಸದಲ್ಲ. ಬಿನ್ನಿ ಮಿಲ್ಲಿನ ಸೈರನ್ನಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇಲ್ಲಿನವರು ಕಣ್ಣಿಗೆ ಏನಾದರೂ ಆದರೆ ಚಾಮರಾಜಪೇಟೆ ಮಗ್ಗುಲಿನ ಮಿಂಟೋ ಆಸ್ಪತ್ರೆಗೆ ನಡೆಯುತ್ತಿದ್ದರು. 1896ರಲ್ಲಿ ಶುರುವಾದ ಆಸ್ಪತ್ರೆ ಅದು. ಆಮೇಲೆ ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿ ಡಾ. ಕೆ. ಭುಜಂಗ ಶೆಟ್ಟಿಯವರ ನಾರಾಯಣ ನೇತ್ರಾಲಯ ಬೆಳೆಯಿತು. ಡಾ. ರಾಜ್‌ಕುಮಾರ್ ಹೆಸರಿನ ನೇತ್ರಬ್ಯಾಂಕ್ ಅಲ್ಲೇ ಇದೆ. ಇನ್ನು ಡಾ. ಎಂ.ಸಿ. ಮೋದಿಯವರ ಹೆಸರು ಆಸ್ಪತ್ರೆಗಷ್ಟೇ ಅಲ್ಲ, ಬಸವೇಶ್ವರನಗರದ ಕಡೆಯ ರಸ್ತೆಗೂ ಬಸ್ ಸ್ಟಾಪಿಗೂ ಅಂಟಿಕೊಂಡಿದೆ. ಊರೂರಿಗೆ ಹೋಗಿ ಶಿಬಿರ ಹಾಕಿ, ಒಂದೇ ದಿನದಲ್ಲಿ ನೂರಾರು ಜನರ ಪೊರೆ ತೆಗೆಯುತ್ತಿದ್ದ ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಕುರುಡಾಗಿ ಮೂಲೆ ಸೇರಿದ್ದ ಅಜ್ಜ-ಅಜ್ಜಿಯರನ್ನು ಮತ್ತೆ ಹೊಲಕ್ಕೂ ಅಡುಗೆಮನೆಗೂ ನಡೆಸಿದ ಮಹಾನುಭಾವ ಅವರು.

ಮೋದಿಯವರ ಶಿಬಿರಗಳ ಕಾಲದಲ್ಲಿ ಪೊರೆ ಕಟ್ಟಿದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ಅದರ ಜಾಗದಲ್ಲಿ ಏನನ್ನೂ ಇಡುತ್ತಿರಲಿಲ್ಲ. ಹೊರಗಡೆ ಪ್ಲಸ್ ಹತ್ತರ ಆಸುಪಾಸಿನ ಸೋಡಾಬುಡ್ಡಿ ಕನ್ನಡಕ. ನಂಬರ್ ಸ್ವಲ್ಪ ಹೆಚ್ಚುಕಮ್ಮಿಯಾದರೆ ಕನ್ನಡಕ ಬದಲಾಯಿಸಿದರೆ ಮುಗಿಯಿತು. ಈಗ ಲೆನ್ಸ್ ಕಣ್ಣಿನೊಳಗೇ ಕೂರುತ್ತದೆ. ಅದರ ಪವರ್ ಎಷ್ಟಿರಬೇಕೆಂದು ಮೊದಲೇ ಲೆಕ್ಕ ಹಾಕಬೇಕು, ಕೂರಿಸಿದ ಮೇಲೆ ಸುಲಭವಾಗಿ ಬದಲಿಸುವಂತಿಲ್ಲ.

ಈ ಲೆಕ್ಕದ ತೊಡಕು ಕಣ್ಣೊಳಗಿನ ಲೆನ್ಸ್‌ನಷ್ಟೇ ಹಳೆಯದು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲ ಬಾರಿಗೆ ಒಬ್ಬ ಹೆಂಗಸಿನ ಕಣ್ಣೊಳಗೆ ಪ್ಲಾಸ್ಟಿಕ್ ಲೆನ್ಸ್ ಇಟ್ಟರು. ಯುದ್ಧವಿಮಾನದ ಗಾಜಿಗೆ ಬಳಸುತ್ತಿದ್ದ ಪರ್ಸ್‌ಪೆಕ್ಸ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿ ಅವರು ಆ ವಸ್ತುವನ್ನೇ ಆರಿಸಿಕೊಂಡಿದ್ದರು. ಲೆನ್ಸ್ ಕೂತಿತು, ಬೆಳಕು ಒಳಗೆ ಹೋಯಿತು. ಆದರೆ ಆ ಹೆಂಗಸಿಗೆ ಉಳಿದದ್ದು ಹದಿನೆಂಟರಷ್ಟು ಮೈನಸ್ ನಂಬರ್! ಸಹಜ ಮಸೂರದ ಉಬ್ಬನ್ನೇ ಹೋಲುವಂತೆ ಲೆನ್ಸ್ ಮಾಡಿಸಿದ್ದರು. ಪ್ಲಾಸ್ಟಿಕ್ ಬೆಳಕನ್ನು ಸಹಜ ಮಸೂರಕ್ಕಿಂತ ಹೆಚ್ಚು ಬಾಗಿಸುತ್ತದೆ, ಹಾಗಾಗಿ ಪವರ್ ಅತಿಯಾಗಿಬಿಟ್ಟಿತ್ತು. ಕೈಚಳಕದಲ್ಲಿ ಗೆದ್ದ ಆಪರೇಷನ್ ಅಂಕಗಣಿತದಲ್ಲಿ ಎಡವಿತು.

ಆ ಅಂಕಗಣಿತ ಪಳಗಲು ಮುಂದೆ ದಶಕಗಳೇ ಬೇಕಾದವು. 1980ರಲ್ಲಿ ಸ್ಯಾಂಡರ್ಸ್, ರೆಟ್ಜ್‌ಲಾಫ್, ಕ್ರಾಫ್ ಎಂಬ ಮೂವರ ಹೆಸರಿನ ಎಸ್‌ಆರ್‌ಕೆ ಸೂತ್ರ ಬಂತು. ಈಗ ಅದನ್ನು ಬಳಸುವವರು ಕಡಿಮೆ. ಆದರೆ ವಿಷಯ ಅರ್ಥಮಾಡಿಕೊಳ್ಳಲು ಅದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ. ಲೆನ್ಸ್ ಕಂಪನಿ ಕೊಡುವ ಒಂದು ಸ್ಥಿರಾಂಕ, ಉದಾಹರಣೆಗೆ 118.4. ಅದರಿಂದ ಕಣ್ಣಿನ ಉದ್ದದ ಎರಡೂವರೆ ಪಟ್ಟು ಕಳೆಯಬೇಕು, ಆಮೇಲೆ ಕಾರ್ನಿಯಾ ಪವರ್‌ನ 0.9 ಪಟ್ಟು ಕಳೆಯಬೇಕು. ಕಣ್ಣಿನ ಉದ್ದ 23.5 ಮಿಲಿಮೀಟರ್, ಕಾರ್ನಿಯಾ 44 ಡಯಾಪ್ಟರ್ (ನಾವು ‘ನಂಬರ್’ ಎನ್ನುವ ಅಳತೆ) ಇದ್ದರೆ 118.4ರಿಂದ 58.75 ಹೋಯಿತು, 39.6 ಹೋಯಿತು, ಉಳಿದದ್ದು 20.05. ಅಂದರೆ 20 ಪವರ್‌ನ ಲೆನ್ಸ್. ಲೆನ್ಸ್‌ಗಳು ಸಾಮಾನ್ಯವಾಗಿ ಅರ್ಧರ್ಧ ಡಯಾಪ್ಟರ್ ಅಂತರದಲ್ಲಿ ಸಿಗುತ್ತವೆ.

ಲೆಕ್ಕಕ್ಕೆ ಬೇಕಾದ ಅಳತೆ ಎರಡೇ ಎಂಬುದು ಇದರಿಂದ ಸ್ಪಷ್ಟ. ಉದ್ದವನ್ನು ಇವತ್ತಿನ ಯಂತ್ರಗಳು ಬೆಳಕು ಹಾಯಿಸಿ ಬಹಳ ನಿಖರವಾಗಿ ಅಳೆಯುತ್ತವೆ. ಲೇಸರ್ ಆದ ಕಣ್ಣಿನಲ್ಲಿ ಕೈಕೊಡುವುದು ಎರಡನೆಯ ಅಳತೆ, ಕಾರ್ನಿಯಾದ್ದು.

ಕೈಕೊಡುವ ಬಗೆ ಮೂರು, ಮತ್ತು ದುರದೃಷ್ಟಕ್ಕೆ ಮೂರೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಮೈನಸ್ ನಂಬರ್ ತೆಗೆಯುವಾಗ ಲೇಸರ್ ಕಾರ್ನಿಯಾದ ನಡುಭಾಗವನ್ನು ತಟ್ಟೆಯಂತೆ ಚಪ್ಪಟೆ ಮಾಡಿರುತ್ತದೆ. ಒಂದು ನಂಬರಿಗೆ ಹೆಚ್ಚುಕಮ್ಮಿ 12 ಮೈಕ್ರಾನ್ ಕೆತ್ತಿರುತ್ತದೆ. ಅರ್ಧ ಮಿಲಿಮೀಟರಿನಷ್ಟು ದಪ್ಪವಿರುವ ಪದರದಲ್ಲಿ ಅದು ಸಣ್ಣ ಸಂಗತಿಯಲ್ಲ. ಹಳೆಯ ಕೆರಟೋಮೀಟರ್ ಯಂತ್ರ ನಟ್ಟನಡುವನ್ನು ನೋಡುವುದೇ ಇಲ್ಲ. ಸುಮಾರು ಮೂರು ಮಿಲಿಮೀಟರ್ ಅಡ್ಡಗಲದ ಒಂದು ಉಂಗುರದ ಮೇಲೆ ಅಳೆದು, ನಡುವೆಯೂ ಹೀಗೇ ಇರಬೇಕು ಎಂದುಕೊಳ್ಳುತ್ತದೆ. ಚಪ್ಪಟೆಯಾದ ನಡುಭಾಗದ ಪೂರ್ತಿ ಕಥೆ ಅದಕ್ಕೆ ತಿಳಿಯುವುದಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಕಾರ್ನಿಯಾಕ್ಕೆ ಮುಂಬದಿಯೂ ಇದೆ, ಹಿಂಬದಿಯೂ ಇದೆ. ಮುಂಬದಿ ಬೆಳಕನ್ನು ಕೂಡಿಸುತ್ತದೆ, ಹಿಂಬದಿ ಒಂದಿಷ್ಟನ್ನು ಕಳೆಯುತ್ತದೆ. ಯಂತ್ರ ಅಳೆಯುವುದು ಮುಂಬದಿ ಮಾತ್ರ. ಹಿಂಬದಿಯನ್ನು ‘ಎಲ್ಲರ ಕಣ್ಣಿನಲ್ಲೂ ಇದೇ ಅನುಪಾತ’ ಎಂಬ ನಂಬಿಕೆಯ ಮೇಲೆ 1.3375 ಎಂಬ ಒಂದು ಅಂಕಿಯೊಳಗೆ ಸೇರಿಸಿಬಿಟ್ಟಿರುತ್ತಾರೆ. ಲೇಸರ್ ಮುಂಬದಿಯನ್ನು ಮಾತ್ರ ಬದಲಿಸಿದೆ, ಹಿಂಬದಿ ಮುಂಚೆ ಇದ್ದ ಹಾಗೇ ಇದೆ. ಅನುಪಾತ ಮುರಿದು ಬಿತ್ತು, ಆ ಅಂಕಿ ಸುಳ್ಳಾಯಿತು. ಒಂದು ಕಣ್ಣು ತೆಗೆದುಕೊಳ್ಳಿ: ಲೇಸರ್‌ಗೆ ಮುಂಚೆ ಕಾರ್ನಿಯಾ 44, ಕನ್ನಡಕದ ನಂಬರ್ ಮೈನಸ್ 6. ಕನ್ನಡಕದ ಮೈನಸ್ 6 ಕಾರ್ನಿಯಾದ ಮೇಲೆ ಸುಮಾರು 5.6 ಆಗುತ್ತದೆ. ಅಷ್ಟನ್ನೂ ತೆಗೆದ ಮೇಲೆ ಕಾರ್ನಿಯಾದ ನಿಜವಾದ ಪವರ್ 38.4. ಯಂತ್ರ ತೋರಿಸುವುದು ಹತ್ತಿರ ಹತ್ತಿರ 39. ಈ ಒಂದೇ ಕಾರಣಕ್ಕೆ ಅರ್ಧಕ್ಕಿಂತ ಹೆಚ್ಚು ಡಯಾಪ್ಟರ್ ತಪ್ಪು.

ಮೂರನೆಯದು ಸೂತ್ರದ್ದೇ ತಪ್ಪು. ಎಸ್‌ಆರ್‌ಕೆ ನಂತರ ಬಂದ ಹಲವು ಸೂತ್ರಗಳು, 1990ರ ಎಸ್‌ಆರ್‌ಕೆ-ಟಿಯಂಥವು, ಹೊಸ ಲೆನ್ಸ್ ಕಣ್ಣೊಳಗೆ ಎಷ್ಟು ಆಳದಲ್ಲಿ ಕೂರುತ್ತದೆ ಎಂದು ಅಂದಾಜು ಮಾಡುವುದು ಕಾರ್ನಿಯಾದ ಉಬ್ಬು ನೋಡಿ. ಕಾರ್ನಿಯಾ ಚಪ್ಪಟೆಯಾಗಿದ್ದರೆ ಲೆನ್ಸ್ ಮುಂದೆ ಕೂರುತ್ತದೆ ಎಂದುಕೊಂಡು ಕಡಿಮೆ ಪವರ್ ಸಾಕು ಎನ್ನುತ್ತವೆ. ಕಾರ್ನಿಯಾ ಚಪ್ಪಟೆಯಾದದ್ದು ಲೇಸರ್‌ನಿಂದ, ಕಣ್ಣಿನ ಒಳರಚನೆ ಬದಲಾಗಿಲ್ಲ ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ಇದೊಂದರಿಂದಲೇ ಲೆನ್ಸ್ ಪವರ್ ಒಂದೆರಡು ಡಯಾಪ್ಟರ್ ಕಡಿಮೆ ಬೀಳಬಹುದು.

ಮೂರೂ ಸೇರಿದರೆ ಬೇಕಾದ್ದಕ್ಕಿಂತ ಸಣ್ಣ ಪವರ್‌ನ ಲೆನ್ಸ್ ಕೂರುತ್ತದೆ. ಆಪರೇಷನ್ ಅಚ್ಚುಕಟ್ಟಾಗಿ ಆಗಿದೆ, ಹೊಲಿಗೆಯಿಲ್ಲ, ನೋವಿಲ್ಲ, ಪಟ್ಟಿ ಬಿಚ್ಚಿದರೆ ಕಣ್ಣು ಪ್ಲಸ್ ಎರಡಕ್ಕೆ ಹೋಗಿ ನಿಂತಿದೆ. ಪ್ಲಸ್ ನಂಬರ್ ಅಂದರೆ ಈ ವಯಸ್ಸಿನಲ್ಲಿ ದೂರದ್ದೂ ಮಸುಕು, ಹತ್ತಿರದ್ದು ಇನ್ನೂ ಮಸುಕು. ಹುಟ್ಟಾ ಮೈನಸ್ ನಂಬರಿನವರು ಎಷ್ಟೇ ಕಷ್ಟಪಟ್ಟಿರಲಿ, ಕನ್ನಡಕ ತೆಗೆದು ಸೂಜಿಗೆ ದಾರ ಪೋಣಿಸುವ, ಔಷಧಿ ಬಾಟಲಿಯ ಮೇಲಿನ ಸಣ್ಣಕ್ಷರ ಓದುವ ಸುಖವೊಂದನ್ನು ಅನುಭವಿಸಿದವರು. ಎರಡೂ ಕಡೆ ಕಾಣದ ಈ ಸ್ಥಿತಿ ಅವರಿಗೆ ತೀರಾ ಹೊಸದು, ಆದ್ದರಿಂದಲೇ ತೀರಾ ಅಸಹನೀಯ. ಪ್ಲಸ್ ನಂಬರಿಗೆ ಲೇಸರ್ ಮಾಡಿಸಿಕೊಂಡಿದ್ದವರಲ್ಲಿ ತಪ್ಪು ಇದಕ್ಕೆ ತದ್ವಿರುದ್ಧ ದಿಕ್ಕಿಗೆ, ಮೈನಸ್ ಕಡೆಗೆ ಹೋಗುತ್ತದೆ. ಹಾಗಾಗಿ ‘ಲೇಸರ್ ಆಗಿದೆ’ ಎಂದಷ್ಟೇ ಹೇಳಿದರೆ ಸಾಲದು, ಯಾವ ನಂಬರಿಗೆ ಎಂಬುದನ್ನೂ ಹೇಳಬೇಕು.

ಹಾಗೆಂದು ಲೇಸರನ್ನು ಯಾರೂ ಶಪಿಸಬೇಕಿಲ್ಲ. ಮದ್ರಾಸಿನಲ್ಲಿ ಓದಿ ಅಮೆರಿಕದ ಐಬಿಎಂ ಪ್ರಯೋಗಾಲಯ ಸೇರಿದ ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು, ಅದರ ಮೇಲೆ 193 ನ್ಯಾನೋಮೀಟರ್ ಎಕ್ಸೈಮರ್ ಲೇಸರ್ ಹಾಯಿಸಿ ನೋಡಿದರು. ಸುತ್ತಲಿನದ್ದು ಸುಡದೆ ಅಂಚು ಚೊಕ್ಕವಾಗಿ ಕೊರೆದಿತ್ತು. ಸಹೋದ್ಯೋಗಿಗಳಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಜೊತೆ ಅವರು ಮಾಡಿದ ಆ ಕೆಲಸದಿಂದಲೇ ಲ್ಯಾಸಿಕ್ ಹುಟ್ಟಿತು. ಕೋಟ್ಯಂತರ ಜನ ಕನ್ನಡಕವಿಲ್ಲದೆ ಬದುಕಿದ್ದಾರೆ, ನೀವೂ ಅವರಲ್ಲಿ ಒಬ್ಬರು. ಅದು ಒಳ್ಳೆಯದೇ ಆಯಿತು. ಅದರ ಬಾಕಿ ಲೆಕ್ಕವನ್ನು ಈಗ ಸರಿಯಾಗಿ ಮಾಡಬೇಕು, ಅಷ್ಟೇ.

ಮಾಡಲು ದಾರಿಗಳೂ ಇವೆ. ಹಳೆಯ ದಾಖಲೆ ಸಿಕ್ಕರೆ ಲೇಸರ್‌ಗೆ ಮುಂಚಿನ ಕಾರ್ನಿಯಾ ಅಳತೆಯಿಂದ, ಬದಲಾದ ನಂಬರನ್ನು ಕಳೆದು ನಿಜವಾದ ಪವರ್‌ಗೆ ಬರಬಹುದು, ಮೇಲಿನ 44ರಿಂದ 38.4ಕ್ಕೆ ಬಂದ ಹಾಗೆ. ಲೆನ್ಸ್ ಕೂರುವ ಆಳಕ್ಕೆ ಹಳೆಯ ಕಾರ್ನಿಯಾ ಅಳತೆ, ಬೆಳಕು ಬಾಗಿಸುವ ಲೆಕ್ಕಕ್ಕೆ ಹೊಸದು, ಹೀಗೆ ಎರಡನ್ನೂ ಬಳಸುವ ‘ಡಬಲ್-ಕೆ’ ವಿಧಾನವನ್ನು 2003ರಲ್ಲಿ ಅರಂಬೆರ್ರಿ ಎಂಬ ವೈದ್ಯರು ಪ್ರಕಟಿಸಿದರು. ದಾಖಲೆ ಏನೂ ಇಲ್ಲದಿದ್ದರೂ ಹೈಗಿಸ್-ಎಲ್, ಶಮ್ಮಾಸ್, ಬ್ಯಾರೆಟ್ ಟ್ರೂ-ಕೆ ಮುಂತಾದ ಸೂತ್ರಗಳಿವೆ. ಕಾರ್ನಿಯಾದ ಹಿಂಬದಿಯನ್ನೂ ನೇರವಾಗಿ ಅಳೆಯುವ ಯಂತ್ರಗಳಿವೆ. ಒಳ್ಳೆಯ ಸರ್ಜನ್ ಒಂದೇ ಸೂತ್ರ ನಂಬುವುದಿಲ್ಲ, ನಾಲ್ಕೈದನ್ನು ಅಕ್ಕಪಕ್ಕ ಇಟ್ಟು ತೂಗಿ ನೋಡುತ್ತಾರೆ. ಬಹಳ ಸಲ ಬೇಕೆಂದೇ ಅರ್ಧ ನಂಬರಿನಷ್ಟು ಮೈನಸ್ ಕಡೆಗೆ ಗುರಿಯಿಡುತ್ತಾರೆ, ತಪ್ಪಿದರೂ ಪ್ಲಸ್‌ಗೆ ಬೀಳದಿರಲಿ ಎಂದು. ಆ ಜಾಣ್ಮೆಯನ್ನು ಗೌರವಿಸಿ.

ಇಷ್ಟೆಲ್ಲ ಮಾಡಿದರೂ ಲೇಸರ್ ಆಗದ ಕಣ್ಣಿನಷ್ಟು ಖಚಿತ ಫಲ ಸಿಗುವುದಿಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ‘ನೂರಕ್ಕೆ ನೂರು ಕನ್ನಡಕವಿಲ್ಲ’ ಎಂದು ಯಾರಾದರೂ ಮಾತು ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಈಗ ದಾಖಲೆಯ ವಿಷಯ. ಇದೇ ಎಲ್ಲಕ್ಕಿಂತ ನೋಯಿಸುವ ಸಂಗತಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆ ಇಡಬೇಕಾದದ್ದು ಮೂರು ವರ್ಷ. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದೂ ಅದರಲ್ಲಿದೆ. ಲೇಸರ್ ಮಾಡಿಸಿಕೊಂಡವರು ಆಸ್ಪತ್ರೆಯಲ್ಲಿ ರಾತ್ರಿ ಮಲಗಿದವರೇ ಅಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬಂದವರು. ದಾಖಲೆ ಬೇಕಾಗುವುದು ಇಪ್ಪತ್ತು, ಇಪ್ಪತ್ತೈದು ವರ್ಷದ ಮೇಲೆ. ಅಷ್ಟರಲ್ಲಿ ಕ್ಲಿನಿಕ್ ಮುಚ್ಚಿರಬಹುದು, ಕಂಪ್ಯೂಟರ್ ಬದಲಾಗಿರಬಹುದು. ಈ ನಿಯಮ ಬದಲಾಗಬೇಕು. ಕಾರ್ನಿಯಾದ ಆಕಾರ ಬದಲಿಸುವ ಪ್ರತಿಯೊಂದು ಕೇಂದ್ರವೂ ಲೇಸರ್‌ಗೆ ಮುಂಚಿನ ನಂಬರ್, ಕಾರ್ನಿಯಾ ಅಳತೆ, ಎಷ್ಟು ಮೈಕ್ರಾನ್ ಕೆತ್ತಲಾಯಿತು, ಆರು ತಿಂಗಳ ನಂತರದ ನಂಬರ್ ಎಷ್ಟು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ರೋಗಿಯ ಕೈಗೆ ಕೊಡುವುದು ಕಡ್ಡಾಯವಾಗಬೇಕು. ಒಂದು ಕಾರ್ಡಿನ ಖರ್ಚು ಎಷ್ಟಾದೀತು?

ಅಲ್ಲಿಯವರೆಗೆ ಮನೆಯಲ್ಲೇ ಹುಡುಕಬೇಕು. ಲೇಸರ್ ಮಾಡಿಸಿದ ಕೇಂದ್ರ ಇನ್ನೂ ಇದ್ದರೆ ಒಂದು ಅರ್ಜಿ ಕೊಡಿ, ಕೆಲವರು ಮೂರು ವರ್ಷ ಮೀರಿಯೂ ಜೋಪಾನ ಮಾಡಿರುತ್ತಾರೆ. ಹಳೆಯ ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿಯ ಮೇಲೆ ಪವರ್ ಅಚ್ಚಾಗಿರುತ್ತದೆ. ಎಲ್ಲಕ್ಕಿಂತ ಸುಲಭದ್ದು ಬೀರುವಿನ ಮೂಲೆಯಲ್ಲಿರುವ ಆ ಹಳೇ ಕನ್ನಡಕ. ಕಡ್ಡಿ ಮುರಿದಿರಲಿ, ಫ್ರೇಮು ಸೊಟ್ಟಗಾಗಿರಲಿ, ಗಾಜಿನ ಪವರ್ ಮಾತ್ರ ಹಾಗೇ ಇರುತ್ತದೆ. ವಿಜಯನಗರದ ಯಾವುದೇ ಕನ್ನಡಕದಂಗಡಿಗೆ ಹೋಗಿ ‘ಇದರ ನಂಬರ್ ಹೇಳಿ’ ಎಂದರೆ ಲೆನ್ಸ್‌ಮೀಟರ್‌ನ ಮೇಲೆ ಗಾಜನ್ನಿಟ್ಟು, ನಿಮಿಷದೊಳಗೆ ಎರಡೂ ಕಣ್ಣಿನದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಬಲಕ್ಕೆ ಮೈನಸ್ 6.50, ಎಡಕ್ಕೆ ಮೈನಸ್ 5.75, ಸಿಲಿಂಡರ್ ಇಷ್ಟು. ಇಪ್ಪತ್ತು ವರ್ಷದ ಹಿಂದಿನ ಕಣ್ಣಿನ ಇತಿಹಾಸ ಆ ಚೀಟಿಯಲ್ಲಿದೆ. ಅದರ ಫೋಟೋ ತೆಗೆದು ಡಿಜಿಲಾಕರ್‌ಗೆ ಹಾಕಿಡಿ, ಮಕ್ಕಳ ಫೋನಿಗೂ ಕಳಿಸಿಡಿ.

ಒಂದು ಎಚ್ಚರಿಕೆ. ನಲವತ್ತೈದು, ಐವತ್ತರ ಮೇಲೆ ‘ಲೇಸರ್ ನಂಬರ್ ವಾಪಸ್ ಬಂತು’ ಎಂದು ಕಂಡರೆ ಅದು ಪೊರೆಯ ಮೊದಲ ಸೂಚನೆಯೂ ಆಗಿರಬಹುದು. ಮಸೂರದ ನಡುಭಾಗ ಗಟ್ಟಿಯಾಗುತ್ತ ಬಂದಂತೆ ಕಣ್ಣು ಮೈನಸ್ ಕಡೆಗೆ ಜಾರುತ್ತದೆ. ಅದಕ್ಕೆ ಮತ್ತೆ ಲೇಸರ್ ಮಾಡಿಸಿದರೆ ಕಾರ್ನಿಯಾವೂ ಸವೆಯಿತು, ಪೊರೆಯೂ ಉಳಿಯಿತು, ಲೆಕ್ಕವೂ ಇನ್ನಷ್ಟು ಕಗ್ಗಂಟಾಯಿತು. ಇದೇ ಕಾರಣಕ್ಕೆ, ಲೇಸರ್‌ನಿಂದ ನಂಬರ್ ಎಷ್ಟು ಬದಲಾಯಿತು ಎಂದು ತಿಳಿಯಲು ಲೇಸರ್ ಆದ ಹೊಸತರಲ್ಲಿ ನೆಲೆಗೊಂಡ ನಂಬರ್ ಬೇಕು, ಪೊರೆ ಬಂದ ಮೇಲಿನ ನಂಬರ್ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ ತೆಳುವಾದ ಕಾರ್ನಿಯಾದ ಮೇಲೆ ಕಣ್ಣಿನ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಗ್ಲಾಕೋಮಾ ಪರೀಕ್ಷೆಯಲ್ಲೂ ಲೇಸರ್ ವಿಷಯ ಹೇಳಲೇಬೇಕು.

ವೈದ್ಯರು ನೋಡಿದರೆ ತಿಳಿಯುವುದಿಲ್ಲವೇ ಎಂದು ಕೇಳಬಹುದು. ಕಾರ್ನಿಯಾದ ನಕ್ಷೆ ತೆಗೆದರೆ ತಿಳಿಯುತ್ತದೆ, ನಡುವೆ ದುಂಡಗೆ ನೀಲಿ ಬಣ್ಣದ ಚಪ್ಪಟೆ ಭಾಗ ಎದ್ದು ಕಾಣುತ್ತದೆ. ಆದರೆ ಆ ನಕ್ಷೆಯನ್ನು ಎಲ್ಲ ಕಡೆ ಎಲ್ಲರಿಗೂ ತೆಗೆಯುವುದಿಲ್ಲ. ಚೆನ್ನಾಗಿ ಮಾಗಿದ ಲ್ಯಾಸಿಕ್ ಗುರುತು ಅವಸರದ ತಪಾಸಣೆಯಲ್ಲಿ ಕಣ್ಣಿಗೆ ಬೀಳದೇ ಹೋಗಬಹುದು. ಉಚಿತ ಶಿಬಿರದಲ್ಲೋ ಜನ ತುಂಬಿದ ಹೊರರೋಗಿ ವಿಭಾಗದಲ್ಲೋ ಅಳತೆ ತೆಗೆಯುವವರು ತಂತ್ರಜ್ಞರು. ಅವರ ಮುಂದಿನ ಸಾಲು ಉದ್ದವಿರುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಹೇಳುವವರು ಇಪ್ಪತ್ತು ವರ್ಷದ ಹಿಂದಿನ ಹತ್ತು ನಿಮಿಷದ ಲೇಸರ್ ಹೇಳಲು ಮರೆಯುತ್ತಾರೆ. ಮನೆಯ ಹಿರಿಯರ ಜೊತೆ ಹೋಗುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಲೇಸರ್‌ಗೂ ಮುಂಚೆ, ಎಂಬತ್ತರ ದಶಕದ ಕೊನೆ, ತೊಂಬತ್ತರ ಮೊದಲ ವರ್ಷಗಳಲ್ಲಿ ಬ್ಲೇಡಿನಿಂದ ಕಾರ್ನಿಯಾದ ಮೇಲೆ ಚಕ್ರದ ಕಡ್ಡಿಗಳಂತೆ ಗೀರು ಹಾಕುವ ಆರ್‌ಕೆ ಎಂಬ ಚಿಕಿತ್ಸೆ ಇತ್ತು. ಅದನ್ನು ಮಾಡಿಸಿಕೊಂಡವರ ಪರಿಸ್ಥಿತಿ ಬೇರೆ. ಬೆಳಿಗ್ಗೆ ಒಂದು ನಂಬರ್, ಸಂಜೆ ಇನ್ನೊಂದು ನಂಬರ್ ಇರುವುದುಂಟು. ಪೊರೆ ಆಪರೇಷನ್ ಆದ ಮೇಲೆ ಗೀರುಗಳು ಊದಿಕೊಂಡು ಕೆಲವು ವಾರ ಪ್ಲಸ್ ನಂಬರ್ ಕಾಣಿಸಿಕೊಂಡು ಆಮೇಲೆ ತಾನಾಗಿ ಇಳಿಯಬಹುದು. ಅವರು ಗಾಬರಿಯಾಗಿ ಲೆನ್ಸ್ ಬದಲಿಸಲು ಒತ್ತಾಯಿಸಬಾರದು, ಎರಡು ಮೂರು ತಿಂಗಳು ಕಾಯಬೇಕು.

ಲೆನ್ಸ್ ಬಗೆ ಆರಿಸುವಾಗಲೂ ಲೇಸರ್ ನೆನಪಿರಲಿ. ದೂರ, ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಲೆನ್ಸ್ ಒಳಬರುವ ಬೆಳಕನ್ನು ಹಂಚುತ್ತದೆ. ಲೇಸರ್ ಆದ ಕಾರ್ನಿಯಾ ಮೊದಲೇ ಬೆಳಕನ್ನು ಸ್ವಲ್ಪ ಚದುರಿಸುತ್ತಿರುತ್ತದೆ. ಎರಡೂ ಸೇರಿದರೆ ರಾತ್ರಿ ಮಾಗಡಿ ರಸ್ತೆಯಲ್ಲಿ ಎದುರು ಬರುವ ಹೆಡ್‌ಲೈಟಿನ ಸುತ್ತ ಬಳೆಗಳು ಏಳುತ್ತವೆ. ದುಬಾರಿ ಲೆನ್ಸೇ ಒಳ್ಳೆಯ ಲೆನ್ಸ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೈನಸ್ ನಂಬರಿಗೆ ಲೇಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಒಂದೇ ದೂರಕ್ಕೆ ಹೊಂದಿಸಿದ, ಕಾರ್ನಿಯಾದ ಈ ದೋಷವನ್ನು ಸರಿದೂಗಿಸುವ ಆಸ್ಫೆರಿಕ್ ಲೆನ್ಸ್ ಹೆಚ್ಚು ನೆಮ್ಮದಿ ಕೊಡುತ್ತದೆ.

ಎರಡೂ ಕಣ್ಣಿಗೆ ಪೊರೆ ಇದ್ದರೆ ಒಂದೇ ವಾರದಲ್ಲಿ ಎರಡನ್ನೂ ಮುಗಿಸುವ ಆತುರ ಬೇಡ. ಮೊದಲ ಕಣ್ಣಿನ ನಂಬರ್ ನೆಲೆಗೊಳ್ಳಲು ಸುಮಾರು ಒಂದು ತಿಂಗಳು ಕೊಡಿ. ಲೆಕ್ಕ ಯಾವ ಕಡೆಗೆ ಎಷ್ಟು ತಪ್ಪಿತು ಎಂಬುದು ಆಗ ಗೊತ್ತಾಗುತ್ತದೆ, ಸರ್ಜನ್ ಅದನ್ನು ನೋಡಿ ಎರಡನೇ ಕಣ್ಣಿನ ಲೆನ್ಸ್ ತಿದ್ದುತ್ತಾರೆ. ಮೊದಲ ಕಣ್ಣಿನಲ್ಲಿ ದೊಡ್ಡ ವ್ಯತ್ಯಾಸ ಉಳಿದರೆ ಕನ್ನಡಕ ಇದ್ದೇ ಇದೆ. ಕಾರ್ನಿಯಾದಲ್ಲಿ ದಪ್ಪ ಉಳಿದಿದ್ದರೆ ಸಣ್ಣ ಲೇಸರ್ ತಿದ್ದುಪಡಿ ಮಾಡಬಹುದು, ಇರುವ ಲೆನ್ಸ್ ಮೇಲೆ ಇನ್ನೊಂದು ತೆಳು ಲೆನ್ಸ್ ಕೂರಿಸಬಹುದು. ಲೆನ್ಸನ್ನೇ ಬದಲಿಸುವುದಾದರೆ, ಸುತ್ತಲಿನ ಚೀಲ ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಮುಂಚೆ, ಮೊದಲ ಕೆಲವು ವಾರಗಳಲ್ಲೇ ತೀರ್ಮಾನಿಸುವುದು ಸುಲಭ. ಆಪರೇಷನ್ ಮುಗಿದ ಮೇಲೆ ಯಾವ ಕಂಪನಿಯ ಯಾವ ಪವರ್‌ನ ಲೆನ್ಸ್ ಕೂರಿಸಿದರು ಎಂಬ ಸ್ಟಿಕ್ಕರ್ ಅಂಟಿಸಿದ ಕಾರ್ಡ್ ಕೇಳಿ ಪಡೆದು, ಹಳೇ ಕನ್ನಡಕದ ಚೀಟಿಯ ಜೊತೆಗೇ ಇಡಿ.

ಇಂತಿ,
ಬಿನ್ನಿಪೇಟೆಯಿಂದ, ನಿಮ್ಮ ನೆರೆಹೊರೆಯವರು